ಒಂಬತ್ತು ಗುಂಡಿನ ನಿದ್ದೆ

ಮೊನ್ನೆ ಸಂಜೆ ಅಡುಗೆಮನೆಯ ಮೂಲೆಯಲ್ಲಿ ಹೊಸ ಗಡಿಗೆಯೊಂದನ್ನು ಕಂಡೆ. ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರೆ ಹುಳಿ ಹಿಡಿದ ಜೋಳದ ಅಂಬಲಿಯ ವಾಸನೆ ಮುಖಕ್ಕೆ ಬಡಿಯಿತು. ಹೆಂಡತಿ ಎಲ್ಲಿಯೋ ಕೇಳಿಕೊಂಡು ಬಂದು ನನಗಾಗಿ ಮಾಡಿಟ್ಟಿದ್ದಳು. "ನಿದ್ದಿಗೆ ಭಾಳ ಚಲೋ ಅಂತ್ರಿ. ಹೊಸಾ ಗಡಿಗ್ಯಾಗ ಬರೊಬ್ಬರಿ ಒಂಬತ್ತು ತಾಸು ಇಡಬೇಕಂತ" ಎಂದಳು. ಒಂಬತ್ತೇ ಯಾಕೆ ಎಂಬುದು ಅವಳಿಗೆ ಗೊತ್ತಿಲ್ಲ, ಅವಳಿಗೆ ಹೇಳಿದವರಿಗೂ ಗೊತ್ತಿರಲಿಕ್ಕಿಲ್ಲ. ಗೊತ್ತಿರುವವನು ನಾನೊಬ್ಬನೇ. ಆ ಒಂಬತ್ತನ್ನು ಹುಟ್ಟಿಸಿದವನೇ ನಾನು. ಒಬ್ಬರ ಮೇಲಿನ ಸೇಡಿಗೆ ಹುಟ್ಟಿಸಿದ್ದು.

ಆ ಸೇಡಿನಿಂದ ಏನೇನು ಕೆಡಬಹುದಿತ್ತು ಎಂದು ಆಗ ನಾನು ದಿನಾ ಎಣಿಸುತ್ತಿದ್ದೆ. ಯಾರಿಗಾದರೂ ವಾಂತಿಭೇದಿ ಆಗಬಹುದಿತ್ತು. ಖಜೂರಿ ದಾಟಿ ಮಹಾರಾಷ್ಟ್ರಕ್ಕೆ ಹೋಗುವ ಲಾರಿಯ ಡ್ರೈವರ್ ಒಬ್ಬ ಅಂಬಲಿ ಕುಡಿದು ಸ್ಟೇರಿಂಗ್ ಮೇಲೆಯೇ ಒರಗಬಹುದಿತ್ತು. ಭೂಸನೂರಿನ ಕಡೆ ಕಬ್ಬು ಕಡಿಯುವವರು ಕೊಯ್ತಾ ಕೈಯಲ್ಲಿರುವಾಗಲೇ ತೂಕಡಿಸಬಹುದಿತ್ತು. ಯಾವಳೋ ತಾಯಿ ಅಳುವ ಕೂಸಿಗೆ ಕುಡಿಸಿ, ಕೂಸು ಏಳದೆ... ಅದನ್ನು ಪೂರ್ತಿ ಯೋಚಿಸುವ ಧೈರ್ಯ ಆಗಲೂ ಇರಲಿಲ್ಲ. ಪತ್ರಿಕೆಯವರು ಅಕ್ಷರ ಹೋಲಿಸಿ ನನ್ನನ್ನು ಹಿಡಿಯಬಹುದಿತ್ತು. ಇಲಾಖೆಯ ವಿಚಾರಣೆ ಬಂದು, ಬಸ್ಸು ಹೋಗದ ಊರಿಗೆ ವರ್ಗ ಆಗಬಹುದಿತ್ತು. ಹೆಣ್ಣು ಕೊಡಲು ಬಂದವರು ಹೊಸ್ತಿಲಿಂದಲೇ ತಿರುಗಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಗುಟ್ಟು ಬಯಲಾದ ಮೇಲೆ ಜನ ಸಿಟ್ಟಾಗುವ ಬದಲು ನನ್ನ ಬೆನ್ನು ತಟ್ಟಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಸಣ್ಣದು. ನನ್ನ ಯಾವ ಪಟ್ಟಿಯಲ್ಲೂ ಅದು ಇರಲಿಲ್ಲ.

ನಾನು ಸೇಡಿಗೆ ಹೊರಟದ್ದು ನನ್ನ ಹೆಡ್‌ಮಾಸ್ತರ ಮೇಲೆ. ಎಂಬತ್ತರ ದಶಕದ ಕೊನೆ. ನಾನು ಜೇವರ್ಗಿಯಿಂದ ಅಫಜಲಪುರಕ್ಕೆ ಹೊಸದಾಗಿ ನೌಕರಿಗೆ ಬಂದ ವಿಜ್ಞಾನದ ಮಾಸ್ತರ, ಇಪ್ಪತ್ನಾಲ್ಕರ ಹರೆಯ. ಬಸ್ ಸ್ಟ್ಯಾಂಡಿನ ಎದುರಿಗೆ ಮಾಳಿಗೆಯ ಮೇಲೆ ಒಂದು ಖೋಲಿ ಹಿಡಿದಿದ್ದೆ. ಚಿಂತೆ ಮಾಡುವುದಕ್ಕೆ ದಿನ ಸಾಲದೆ ನಸುಕಿನಲ್ಲೇ ಏಳುವ ಅಭ್ಯಾಸ ನನಗೆ ಆಗಲೇ ಇತ್ತು. ಎದ್ದು ಕಿಟಕಿ ತೆರೆದರೆ ಕೆಳಗೆ, ಮಫ್ಲರನ್ನು ಕಿವಿಗೆ ಸುತ್ತಿಕೊಂಡು, ಬಸ್ ಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲೆ ಹೆಡ್‌ಮಾಸ್ತರು ಕೂತಿರುತ್ತಿದ್ದರು. ಎಲ್ಲಿಗೂ ಹೋಗಲಿಕ್ಕಲ್ಲ. ಗುಲಬರ್ಗಾಕ್ಕೆ ಹೋಗುವ ಫಸ್ಟ್ ಬಸ್ಸು ಬರುತ್ತಿತ್ತು, ಕಂಡಕ್ಟರ್ "ಬರ್ತೀರೇನ್ರಿ ಸರ್?" ಎನ್ನುತ್ತಿದ್ದ, ಅವರು ಕೈಯಾಡಿಸುತ್ತಿದ್ದರು, ಬಸ್ಸು ಹೋಗುತ್ತಿತ್ತು. ಧೂಳು ಕೂತ ಮೇಲೆ ಎದ್ದು ಮನೆಗೆ ನಡೆಯುತ್ತಿದ್ದರು. ಹತ್ತು ಗಂಟೆಗೆ ಅದೇ ಕೆಂಪು ಕಣ್ಣಿನಲ್ಲಿ ಪ್ರಾರ್ಥನೆಗೆ ಬಂದು ನಿಲ್ಲುತ್ತಿದ್ದರು.

"ಸಾಬ್‌ರಿಗೆ ನೀಂದೇ ಇಲ್ರಿ ಮಾಸ್ತರ. ಹನ್ನೊಂದು ವರ್ಷ ಆಯ್ತು" ಎಂದು ನಮ್ಮ ಸಾಲಿಯ ಜವಾನ ಹೇಳಿದ. ನಾವೆಲ್ಲ ಅವನನ್ನು ಚಾಚಾ ಎನ್ನುತ್ತಿದ್ದೆವು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಹೆಡ್‌ಮಾಸ್ತರನ್ನು ಬಿಟ್ಟು ಯಾರಿಗೂ ಹೆದರುತ್ತಿರಲಿಲ್ಲ. ಯಾಕೆ ಹೋಯಿತು ನಿದ್ದೆ ಎಂದರೆ, "ಅದನ್ನ ಅವರೇ ಹುಡುಕಾಕತ್ತಾರ್ರಿ, ದಿನಾ ಬಸ್ ಸ್ಟ್ಯಾಂಡಿಗೆ ಹೋಗಿ" ಎಂದು ನಕ್ಕ. ಸ್ಟಾಫ್ ರೂಮಿನಲ್ಲಿ ಇದಕ್ಕೆ ಐದು ಕಾರಣಗಳು ಚಾಲ್ತಿಯಲ್ಲಿದ್ದವು. ಯಾವುದೂ ಖರೆ ಇರಲಿಲ್ಲವೆಂದು ಈಗ ಅನಿಸುತ್ತದೆ. ಹೋಗುವ ನಿದ್ದೆ ಕಾರಣ ಹೇಳಿ ಹೋಗುವುದಿಲ್ಲ.

ಅದೇ ವರ್ಷ ನಮ್ಮ ಪ್ರಯೋಗಶಾಲೆಗೆ ಹೈದರಾಬಾದಿನಿಂದ ಒಂದು ಪೆಟ್ಟಿಗೆ ಪ್ರನಾಳಗಳು ಬಂದವು. ಒಡೆಯಬಾರದೆಂದು ಅವುಗಳ ನಡುವೆ ಯಾವುದೋ ಇಂಗ್ಲಿಷ್ ವಿಜ್ಞಾನ ಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿ ತುರುಕಿದ್ದರು. ಪ್ರನಾಳಗಳಲ್ಲಿ ಅರ್ಧ ಒಡೆದಿದ್ದವು, ಹಾಳೆಗಳು ಮಾತ್ರ ಸುರಕ್ಷಿತ. ನಾನು ಅವನ್ನು ಒಂದೊಂದಾಗಿ ಬಿಡಿಸಿ, ದಪ್ಪ ಪುಸ್ತಕಗಳ ಕೆಳಗಿಟ್ಟು ಇಸ್ತ್ರಿ ಮಾಡಿ ಓದಿದೆ. ಒಂದು ಹಾಳೆಯಲ್ಲಿ ನಿದ್ದೆಯ ವಿಷಯವಿತ್ತು.

ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಮೊಲಗಳ ಮಿದುಳಿಗೆ ಸಣ್ಣಗೆ ವಿದ್ಯುತ್ತು ಹಾಯಿಸಿ ಅವನ್ನು ಮಲಗಿಸಿದರಂತೆ. ಮಲಗಿದ ಮೊಲದ ರಕ್ತವನ್ನು ಸೋಸಿ, ಎಚ್ಚರವಾಗಿದ್ದ ಮತ್ತೊಂದು ಮೊಲಕ್ಕೆ ಕೊಟ್ಟರೆ ಅದೂ ಮಲಗಿತಂತೆ. ಅಂದರೆ ರಕ್ತದಲ್ಲಿ ಏನೋ ಇದೆ. ಹುಡುಕುತ್ತ ಹೋದಾಗ ಸಿಕ್ಕಿದ್ದು ಒಂದು ಪುಟ್ಟ ಪೆಪ್ಟೈಡ್. ಬರೀ ಒಂಬತ್ತು ಅಮೈನೋ ಆಮ್ಲಗಳು, ಒಂದರ ಹಿಂದೆ ಒಂದು. ಗಾಢ ನಿದ್ದೆಯಲ್ಲಿ ಮಿದುಳು ಬರೆಯುವ ನಿಧಾನದ ಅಲೆಗಳಿಗೆ ಡೆಲ್ಟಾ ಎನ್ನುತ್ತಾರೆ. ಅದರಿಂದ ಇದಕ್ಕೆ ಡೆಲ್ಟಾ ನಿದ್ದೆ ತರುವ ಪೆಪ್ಟೈಡ್ ಎಂದು ಹೆಸರಿಟ್ಟರು. ಆಮೇಲೆ ಮೊಲದ ಹಂಗೂ ಬೇಡವೆಂದು, ಒಂಬತ್ತನ್ನೂ ಪ್ರಯೋಗಶಾಲೆಯಲ್ಲೇ ಪೋಣಿಸಿ ಮಾಡತೊಡಗಿದರು.

ಒಂಬತ್ತು ಎಂದ ಕೂಡಲೇ ನನಗೆ ಅವ್ವನ ಬೋರಮಾಳ ನೆನಪಾಯಿತು. ನಮ್ಮ ಕಡೆಯ ಹೆಣ್ಣುಮಕ್ಕಳು ಕೊರಳಲ್ಲಿ ಹಾಕಿಕೊಳ್ಳುವ ಬಂಗಾರದ ಗುಂಡಿನ ಸರ. ಅವ್ವನದು ಒಮ್ಮೆ ಭೀಮಾ ನದಿಯ ಘಾಟಿನಲ್ಲಿ ಹರಿದು, ಗುಂಡುಗಳು ನೀರಿಗೆ ಉರುಳಿ, ಸಿಕ್ಕಿದ್ದು ಒಂಬತ್ತೇ. ಅವನ್ನೇ ಕೆಂಪು ದಾರಕ್ಕೆ ಪೋಣಿಸಿ ಹಾಕಿಕೊಳ್ಳುತ್ತಿದ್ದಳು. ಸಣ್ಣವನಿದ್ದಾಗ ನನಗೆ ನಿದ್ದೆ ಬಾರದಿದ್ದರೆ ಅವಳ ಎದೆಯ ಮೇಲೆ ಮಲಗಿ ಆ ಗುಂಡುಗಳನ್ನು ಎಣಿಸುತ್ತಿದ್ದೆ. ಆರನೆಯದನ್ನು ದಾಟಿದ ನೆನಪಿಲ್ಲ.

ಹೀಗಾಗಿ ನನ್ನ ಮೊದಲ ಲೇಖನದ ಮೊದಲ ವಾಕ್ಯ ತಾನೇ ಬಂತು: "ನಿದ್ದೆ ಎಂಬುದು ಒಂಬತ್ತು ಗುಂಡಿನ ಬೋರಮಾಳ."

ಆ ವಾಕ್ಯವನ್ನು ಓದಿ ಓದಿ ಸ್ವತಃ ನಾನೇ ನಾಚಿಕೊಂಡಿದ್ದೆ. ಅಷ್ಟು ಚೆನ್ನಾಗಿತ್ತು. ಗುಲಬರ್ಗಾದ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಕಳಿಸಬೇಕೆಂದುಕೊಂಡೆ. ಆದರೆ ಸರಕಾರಿ ನೌಕರ ಪತ್ರಿಕೆಗೆ ಬರೆಯಬೇಕಾದರೆ 'ಥ್ರೂ ಪ್ರಾಪರ್ ಚಾನೆಲ್' ಹೋಗಬೇಕು ಎಂದು ಯಾರೋ ಹೆದರಿಸಿದರು. ನಿಯಮ ಇತ್ತೋ ಇಲ್ಲವೋ, ಹೆದರಿಸುವವರು ಸಿಕ್ಕರೆ ನಾನು ಬಿಡುವವನಲ್ಲ. ಲೇಖನವನ್ನು ಹೆಡ್‌ಮಾಸ್ತರ ಮೇಜಿನ ಮೇಲಿಟ್ಟೆ. ಅವರು ತಮ್ಮ ಪತ್ರ ಬರೆದು, ಶಿಕ್ಕಾ ಹೊಡೆದು, ಅದನ್ನು ಮುಂದಕ್ಕೆ ಕಳಿಸಬೇಕಿತ್ತು.

ಅವರು ಗಣಿತದವರು. ಆದರೂ ಒಂದೇ ಉಸಿರಿಗೆ ಓದಿದರು. ಮತ್ತೆ ಮೊದಲಿಂದ ಓದಿದರು.

"ಮಾಸ್ತರ, ಖರೇನ ಇದು ಸಿಗ್ತದೇನ್ರಿ?"

"ಪ್ರಯೋಗಶಾಲ್ಯಾಗ ಸಿಗ್ತದ್ರಿ ಸರ್."

"ಅಫಜಲಪುರಕ್ಕ ಯಾವಾಗ ಬಂದೀತು?"

ಹರೆಯದ ಸೊಕ್ಕು ನೋಡಿ. "ಫಸ್ಟ್ ಬಸ್ಸಿಗೆ ಬಂದ್ರೂ ಬರಬಹುದ್ರಿ ಸರ್. ನೀವಂತೂ ಅಲ್ಲೇ ಇರ್ತೀರಿ, ಇಳಿಸ್ಕೋರಿ" ಎಂದುಬಿಟ್ಟೆ. ಬಾಗಿಲಲ್ಲಿದ್ದ ಚಾಚಾ ಕೆಮ್ಮಿದ. ಹೆಡ್‌ಮಾಸ್ತರು ಸಿಟ್ಟಾಗಲಿಲ್ಲ. ಸಣ್ಣಗೆ ನಕ್ಕು, ಶಿಕ್ಕಾ ಹೊಡೆಯುವ ಪ್ಯಾಡಿನ ಮುಚ್ಚಳ ತೆಗೆದರು.

ಮೂರು ವಾರದ ಮೇಲೆ ಭಾನುವಾರದ ಪುರವಣಿಯಲ್ಲಿ ಲೇಖನ ಬಂತು. ಮೊದಲ ವಾಕ್ಯ ನನ್ನದು, ಕೊನೆಯ ವಾಕ್ಯ ನನ್ನದು, ನಡುವಿನ ಮೊಲಗಳೆಲ್ಲ ನನ್ನವು. ಹೆಸರು ಅವರದು. ಹುದ್ದೆ ಸಮೇತ.

ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲರೂ ಎದ್ದು ನಿಂತು ಅವರನ್ನು ಅಭಿನಂದಿಸಿದರು. ಅವರು ನನ್ನ ಕಡೆ ಒಮ್ಮೆ ನೋಡಿದರು. ಏನೋ ಹೇಳಲು ಕೈ ಎತ್ತಿದಂತೆ ಇತ್ತು. ಅಷ್ಟರಲ್ಲಿ ಯಾರೋ "ಬೋರಮಾಳ ಅಂದಿದ್ದು ಭಾರಿ ಆಯ್ತ್ರಿ ಸರ್!" ಎಂದರು. ಎತ್ತಿದ ಕೈ ಕೊರಳಿನ ಮಫ್ಲರ್ ಸರಿಮಾಡಿಕೊಂಡು ಕೆಳಗಿಳಿಯಿತು. ಆ ಕೈಯನ್ನು ನಾನು ಮರೆತಿಲ್ಲ.

ಅಂದಿನಿಂದ ನನಗೆ ಒಂದು ಉದ್ಯೋಗ ಸಿಕ್ಕಿತು. ಪಾಠ ಮಾಡುತ್ತ, ರೊಟ್ಟಿ ಮುರಿಯುತ್ತ, ಸೈಕಲ್ ತುಳಿಯುತ್ತ ಅವರನ್ನು ಹೇಗೆ ಕೆಡವಬೇಕೆಂದು ಯೋಚಿಸುವ ಉದ್ಯೋಗ. ಮೊದಮೊದಲ ಉಪಾಯಗಳು ನನ್ನ ಯೋಗ್ಯತೆಗೆ ತಕ್ಕಂತೆ ಇದ್ದವು. ಅವರ ಕುರ್ಚಿಯ ಮೊಳೆ ಸಡಿಲಿಸುವುದು. ಅನಾಮಧೇಯ ಪತ್ರ ಬರೆಯುವುದು. ಅಂಥದೊಂದು ಪತ್ರ ಎಡಗೈಯಲ್ಲಿ ಬರೆದೆ ಕೂಡ. ಎಡಗೈಯ ಅಕ್ಷರ ನನ್ನ ಬಲಗೈಯ ಅಕ್ಷರಕ್ಕಿಂತ ಚೆನ್ನಾಗಿ ಬಂದದ್ದು ನೋಡಿ ಅವಮಾನವಾಗಿ ಹರಿದುಹಾಕಿದೆ. ಅವರ ಎದುರು ನಿಂತು "ಇದು ನನ್ನದು" ಎನ್ನುವ ಉಪಾಯ ಮಾತ್ರ ಹೊಳೆಯಲಿಲ್ಲ. ಹೊಳೆದಿದ್ದರೂ ನಾನು ಮಾಡುವವನಲ್ಲ.

ದಾರಿ ತೋರಿಸಿದವನು ಚಾಚಾ, ಅವನಿಗೇ ತಿಳಿಯದಂತೆ. ಗಂಟೆ ಹೊಡೆದು ಬಂದವನು ನನ್ನ ಮುಖ ನೋಡಿ, "ಯಾಕ್ರಿ ಮಾಸ್ತರ, ಮಾರಿ ಹಿಂಗ್ಯಾಕ? ಮೂರು ದಿನದ ಹುಳಿ ಅಂಬ್ಲಿ ಕುಡದಂಗ ಮಾಡೀರಿ?" ಎಂದ.

ಅಂಬಲಿ!

ಎರಡೇ ದಿನದಲ್ಲಿ ಎರಡನೆಯ ಲೇಖನ ಸಿದ್ಧವಾಯಿತು. ಮುಕ್ಕಾಲು ಭಾಗ ಖರೆ, ಕಾಲು ಭಾಗ ನನ್ನ ವಿಷ. ಬಿಳಿಜೋಳದ ಅಂಬಲಿಯನ್ನು ಹೊಸ ಮಣ್ಣಿನ ಗಡಿಗೆಯಲ್ಲಿ ಹಾಕಿ, ಬಟ್ಟೆ ಕಟ್ಟಿ, ಬರೊಬ್ಬರಿ ಒಂಬತ್ತು ತಾಸು ಇಟ್ಟರೆ, ತಾಸಿಗೊಂದರಂತೆ ಆ ಒಂಬತ್ತು ಗುಂಡುಗಳು ತಾವೇ ಪೋಣಿಸಿಕೊಂಡು ನಿದ್ದೆಯ ಪೆಪ್ಟೈಡ್ ಆಗುತ್ತವೆ. ಹೊತ್ತು ಮುಳುಗುವಾಗ ಒಂದು ಬಟ್ಟಲು ಕುಡಿದರೆ ಸಾಕು, ಎಂದು ಬರೆದೆ. ಇದರಷ್ಟು ಹಸಿ ಸುಳ್ಳು ಇನ್ನೊಂದಿಲ್ಲ. ಅಂಬಲಿಯಲ್ಲಿ ಅದು ಹುಟ್ಟುವುದಿಲ್ಲ. ಹುಟ್ಟಿತೆಂದೇ ಇಟ್ಟುಕೊಂಡರೂ ಹೊಟ್ಟೆಗೆ ಇಳಿದ ಮೇಲೆ ಜಠರರಸ ಅದನ್ನು ಚೂರು ಚೂರು ಮಾಡುತ್ತದೆ. ಅದು ಎಂಟನೆಯ ಇಯತ್ತೆಯ ಪಾಠ. ಗುಲಬರ್ಗಾದ ಯಾವುದಾದರೂ ಕಾಲೇಜಿನ ರಸಾಯನಶಾಸ್ತ್ರದವರು ಇದನ್ನು ಓದಿ, ಹೊಟ್ಟೆ ಹಿಡಿದು ನಕ್ಕು, ಪತ್ರಿಕೆಗೆ ಪತ್ರ ಬರೆದು, ಹೆಡ್‌ಮಾಸ್ತರ ಮಾನ ತೆಗೆಯುತ್ತಾರೆ ಎಂಬುದು ನನ್ನ ಎಣಿಕೆ. ಕಳ್ಳ ತಾನೇ ಬಂದು ಬೋನಿಗೆ ಬೀಳಬೇಕು. ಅದನ್ನು ನೋಡಿ ನಾನು "ಅಯ್ಯೋ ಪಾಪ" ಎನ್ನಬೇಕು. ಆ ಪಾಪ ಎನ್ನುವ ದನಿಯನ್ನು ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದ್ದೆ.

ಲೇಖನವನ್ನು ಅವರ ಕೈಗೆ ಕೊಟ್ಟಾಗ ಅವರು ಕಿಟಕಿಯ ಕಡೆ ನೋಡುತ್ತ, "ಪೇಪರಿನವ್ರು ಇನ್ನೊಂದು ಕಳಸ್ರಿ ಅಂತ ನನಗ ಬರದಾರ್ರಿ... ನನ್ನ ಹೆಸರಿಗೇ ಬರದಾರ" ಎಂದರು.

"ಅದಕ್ಕೇನ್ರಿ ಸರ್, ನಿಮ್ಮ ಹೆಸರಲೇ ಹೋಗ್ಲಿ. ದೊಡ್ಡವ್ರ ಹೆಸರಿದ್ರ ಮಂದಿ ಕೇಳ್ತಾರ" ಎಂದೆ. ನನ್ನ ದನಿ ಬೆಲ್ಲದ ಪಾಕದಂತಿತ್ತು. ಅವರು ಕತ್ತೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ನಾಚಿಕೆ ಇತ್ತು, ಉಪಕಾರ ಸ್ಮರಣೆಯೂ ಇತ್ತು. ನಾನು ಎರಡನ್ನೂ ನೋಡದವನಂತೆ ಹೊರಬಂದೆ.

ಲೇಖನ ಬಂತು. ನಾನು ಪ್ರತಿ ದಿನ ವಾಚನಾಲಯಕ್ಕೆ ಹೋಗಿ ವಾಚಕರ ಪತ್ರಗಳ ಅಂಕಣ ನೋಡಿದೆ. ರಸ್ತೆಯ ಬಗ್ಗೆ ಪತ್ರವಿತ್ತು, ಕರೆಂಟಿನ ಬಗ್ಗೆ ಇತ್ತು, ಹಂದಿಗಳ ಹಾವಳಿಯ ಬಗ್ಗೆ ಮೂರು ಇದ್ದವು. ಅಂಬಲಿಯ ಬಗ್ಗೆ ಒಂದೂ ಇಲ್ಲ. ರಸಾಯನಶಾಸ್ತ್ರದವರು ಒಬ್ಬರೂ ಭಾನುವಾರದ ಪುರವಣಿ ಓದುವುದಿಲ್ಲವೆಂಬ ಸಂಗತಿ ನನಗೆ ಹೊಳೆದಿರಲಿಲ್ಲ. ಓದಿದವರೆಲ್ಲ ನಿದ್ದೆ ಬಾರದವರು.

ಅವರೆಲ್ಲ ಅಂಬಲಿ ಕುಡಿದರು. ಕುಂಬಾರರ ಓಣಿಯಲ್ಲಿ ಹೊಸ ಗಡಿಗೆಗೆ ಜನ ನಿಂತರು. ಆಳಂದದಿಂದ ಒಬ್ಬ ಬಟ್ಟೆ ಅಂಗಡಿಯವರು ಹೆಡ್‌ಮಾಸ್ತರ ಹೆಸರಿಗೆ ಪತ್ರ ಬರೆದರು, ನಿಮ್ಮಿಂದ ನಾನು ಮಲಗಿದೆ ಎಂದು. ಖಜೂರಿಯ ರಸ್ತೆಬದಿಯ ಖಾನಾವಳಿಯ ಹೆಂಗಸು ಡ್ರೈವರುಗಳಿಗೆ ಅಂಬಲಿ ಕೊಡುವುದನ್ನೇ ನಿಲ್ಲಿಸಿದಳಂತೆ, "ಕುಡದು ಲಾರಿ ಹೊಲಕ್ಕ ಇಳಿಸ್ತೀರಿ, ಬ್ಯಾಡ್ರೆಪ್ಪ" ಎಂದು. ನನ್ನ ಪಟ್ಟಿ ಶುರುವಾದದ್ದು ಆಗ. ಲಾರಿ, ಕೊಯ್ತಾ, ಕೂಸು... ದಿನಾ ಬೆಳಿಗ್ಗೆ ಪತ್ರಿಕೆಯ ಅಪಘಾತದ ಸುದ್ದಿಗಳನ್ನು ಮೊದಲು ಓದುತ್ತಿದ್ದೆ. ಸೇಡು ತೀರಿಸಿಕೊಳ್ಳುವವನಿಗೆ ಗುಂಡಿಗೆ ಬೇಕು. ನನಗೆ ಇದ್ದದ್ದು ಜಠರರಸ ಮಾತ್ರ, ಅದೂ ಹೆಚ್ಚಾಗಿ.

ಒಂದು ನಸುಕಿನಲ್ಲಿ ಕಿಟಕಿ ತೆರೆದರೆ ಬೆಂಚು ಖಾಲಿ. ಸತ್ತೇಹೋದರು ಎಂದುಕೊಂಡೆ. ಇದು ಪಟ್ಟಿಯಲ್ಲಿರಲಿಲ್ಲವಲ್ಲ ಎಂದು ಕಿಟಕಿಯಿಂದ ಬಗ್ಗಿ ನೋಡಿದೆ. ಫಸ್ಟ್ ಬಸ್ಸಿನ ಕಂಡಕ್ಟರ್ ಕೆಳಗಿಳಿದು ಅತ್ತಿತ್ತ ನೋಡಿ ಸೀಟಿ ಊದಿದ. ಅವರ ಮನೆಗೆ ಹೋಗಿ ನೋಡುವ ಧೈರ್ಯವಾಗದೆ ಹತ್ತರವರೆಗೆ ಖೋಲಿಯಲ್ಲೇ ಅಡ್ಡಾಡಿ, ಸಾಲಿಗೆ ಓಡಿದೆ. ಪ್ರಾರ್ಥನೆ ಮುಗಿಯುತ್ತ ಬಂದಿತ್ತು, ಹೆಡ್‌ಮಾಸ್ತರು ಇರಲಿಲ್ಲ. ಆಮೇಲೆ ಗೇಟಿನಿಂದ ಅವರು ಓಡಿ ಬಂದರು. ಬುಶ್ ಶರ್ಟಿನ ಗುಂಡಿ ಮೇಲೆ ಕೆಳಗೆ ಆಗಿತ್ತು. ಎಡಗೆನ್ನೆಯ ಮೇಲೆ ದಿಂಬಿನ ನೆರಿಗೆಯ ಗುರುತು, ಕೆಂಪಗೆ, ಉದ್ದಕ್ಕೆ.

"ಏಳೂದೇ ಆಗಲಿಲ್ಲ ನೋಡ್ರಿ" ಎಂದರು, ಯಾರನ್ನೂ ಉದ್ದೇಶಿಸದೆ. ಅವರ ಕಣ್ಣು ಬಿಳಿ ಇದ್ದದ್ದನ್ನು ನಾನು ಮೊದಲ ಸಲ ನೋಡಿದೆ.

ಚಾಚಾ ನನ್ನ ಕಿವಿಯಲ್ಲಿ, "ಸಾಬ್‌ರು ರೋಜ್ ಒಂದು ಬಟ್ಲು ಅಂಬ್ಲಿ ಹೊಡ್ಯಾಕತ್ತಾರ್ರಿ. ಗೊರಕಿ ಓಣಿತನಾ ಕೇಳ್ತದಂತ. ಅವರ ಮನಿಯವ್ರು ಅಳಾಕತ್ತಾರ, ಖುಷಿಗೆ" ಎಂದ.

ತಾವೇ ಹೆಸರು ಹಾಕಿದ ಸುಳ್ಳನ್ನು ತಾವೇ ನಂಬಿ ಕುಡಿದಿದ್ದರು. ವಿಜ್ಞಾನದ ಹುಡುಗ ಬರೆದದ್ದು, ಖರೆ ಇರಲೇಬೇಕು ಎಂದು. ಮುಂದಿನ ತಿಂಗಳುಗಳಲ್ಲಿ ಅವರು ಬದಲಾದರು. ಮೈ ತುಂಬಿಕೊಂಡರು. ಹುಡುಗರನ್ನು ಬಯ್ಯುವುದು ಕಡಿಮೆಯಾಯಿತು. ವರಾಂಡದಲ್ಲಿ ನಡೆಯುವಾಗ ಏನನ್ನೋ ಗುನುಗುತ್ತಿದ್ದರು. ಅವರ ಮನೆಯಿಂದ ನನಗೆ ಒಂದು ತಂಬಿಗೆ ಅಂಬಲಿ ಬಂತು, "ಮಾಸ್ತರಿಗೂ ಕೊಡು" ಎಂದು. ನಾನು ಅದನ್ನು ಮೋರಿಗೆ ಸುರಿದೆ. ಮೇಲಿನ ಖೋಲಿಯಲ್ಲಿ ಈಗ ನಿದ್ದೆ ಇಲ್ಲದವನು ನಾನು. ಖಾಲಿ ಬೆಂಚನ್ನು ನೋಡುತ್ತ, ನನ್ನ ಸುಳ್ಳಿನ ಮೇಲೆ ಕಾಲು ಚಾಚಿ ಮಲಗಿದ್ದಾನೆ ಮಹಾರಾಯ, ಎಂದು ಹಲ್ಲು ಕಡಿಯುತ್ತಿದ್ದೆ. ಹೆಸರು ಒಯ್ದರು, ಈಗ ನಿದ್ದೆಯನ್ನೂ ಒಯ್ದರು.

ಆಳಂದದಲ್ಲಿ ಯಾವುದೋ ಸಂಘದವರು ಅವರಿಗೆ ಸನ್ಮಾನ ಇಟ್ಟರು. ಜೊತೆಗೆ ನಾನು ಬರಬೇಕೆಂದು ಅವರೇ ಹಟ ಹಿಡಿದರು. ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ಅಫಜಲಪುರ ದಾಟುವುದರೊಳಗೆ ಅವರ ತಲೆ ನನ್ನ ಹೆಗಲಿಗೆ ಬಿತ್ತು. ಹಾಡಹಗಲು, ಬಾಯಿ ತೆರೆದು, ಕೂಸಿನಂತೆ ಮಲಗಿದರು. ಅವರ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ನನ್ನ ಹೊಸ ಶರ್ಟಿಗೆ ಇಳಿಯಿತು. ಹೆಗಲು ಜುಮುಗುಟ್ಟಿತು. ಒಮ್ಮೆ ಜಾಡಿಸಿ ಎಬ್ಬಿಸಬೇಕೆನಿಸಿತು, ಎಬ್ಬಿಸಲಿಲ್ಲ. ಇವರಿಗಾಗಿ ಇನ್ನೂ ದೊಡ್ಡದನ್ನು ಇಟ್ಟುಕೊಂಡಿದ್ದೇನೆ, ಹೆಗಲು ಜಾಡಿಸಿ ಅದನ್ನು ಸಣ್ಣದು ಮಾಡಬಾರದು ಎಂದುಕೊಂಡೆ.

ಸಭೆಯಲ್ಲಿ ಶಾಲು ಹೊದಿಸಿದರು. ಭಾಷಣಕ್ಕೆ ನಿಂತ ಹೆಡ್‌ಮಾಸ್ತರು ನನ್ನ ಬಗ್ಗೆ ಒಂದು ಮಾತು ಆಡುತ್ತಾರೆಂದು, ಈಗ ಒಪ್ಪಿಕೊಳ್ಳುತ್ತೇನೆ, ನಾನು ಕಾದಿದ್ದೆ. ಆಡಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಅವರು ಗಂಟಲು ಸರಿಮಾಡಿಕೊಂಡು ಹೇಳಿದರು:

"ನಿದ್ದಿ ಅನ್ನೂದು ಒಂಬತ್ತು ಗುಂಡಿನ ಬೋರಮಾಳ. ಇದು ನನಗ ಹೊಳದಿದ್ದು ನಮ್ಮ ಅವ್ವನ ಕೊಳ್ಳಾಗಿನ ಸರಾ ನೋಡಿ..."

ಮುಂದಿನದು ಕೇಳಿಸಲಿಲ್ಲ. ಚಪ್ಪಾಳೆಯಂತೂ ಕೇಳಿಸಿತು. ಹೆಸರು ಕದ್ದದ್ದು ಬೇರೆ. ನನ್ನ ಅವ್ವನನ್ನು ಕದ್ದಿದ್ದರು.

ಮರಳಿ ಬರುವಾಗ ಗುಲಬರ್ಗಾದ ಮೇಲೆ ಬಂದು, ಗಾಣಗಾಪುರದ ಭಕ್ತರಿಂದ ತುಂಬಿದ ಬಸ್ಸು ಚೌಡಾಪುರದಲ್ಲಿ ಕೆಟ್ಟು ನಿಂತಿತು. ಇಳಿಬಿಸಿಲು. ಬೇವಿನ ಗಿಡದ ಕೆಳಗೆ ಚಹಾದ ಅಂಗಡಿ. ಅವರು ಶಾಲನ್ನು ನೀಟಾಗಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡು, ಬಸಿಗೆ ಚಹಾ ಸುರುವಿ ಊದುತ್ತಿದ್ದರು. ನಾನು ಹೇಳಿದೆ.

ಬಯ್ಯಲಿಲ್ಲ. ದನಿ ಏರಿಸಲಿಲ್ಲ. ತರಗತಿಯಲ್ಲಿ ಪಾಠ ಮಾಡುವಂತೆ ಹೇಳಿದೆ. ಅಂಬಲಿಯಲ್ಲಿ ಆ ಪೆಪ್ಟೈಡ್ ಹುಟ್ಟುವುದಿಲ್ಲ. ಒಂಬತ್ತು ತಾಸು ಎಂಬುದು ನಾನು ಕಟ್ಟಿದ ಕತೆ. ಹುಟ್ಟಿದರೂ ಹೊಟ್ಟೆಯಲ್ಲಿ ಉಳಿಯುವುದಿಲ್ಲ. ನಿಮ್ಮ ಮಾನ ಹೋಗಲಿ ಎಂದೇ ಬರೆದದ್ದು. ನೀವು ಕದ್ದದ್ದು ಬರೀ ಹಳಸಿದ ಗಂಜಿ, ಸರ್.

ಖರೆ ಹೇಳಬೇಕೆಂದರೆ, ಆ ಐದು ನಿಮಿಷದಷ್ಟು ಸಿಹಿ ನನ್ನ ಬಾಳಿನಲ್ಲಿ ಮತ್ತೆ ಬಂದಿಲ್ಲ. ಮದುವೆಯ ದಿನವೂ ಅಷ್ಟು ಸಿಹಿ ಇರಲಿಲ್ಲ. (ಇದನ್ನು ಹೆಂಡತಿ ಓದುವುದಿಲ್ಲ ಎಂಬ ಭರವಸೆಯ ಮೇಲೆ ಬರೆಯುತ್ತಿದ್ದೇನೆ.)

ಅವರು ಬಸಿಯನ್ನು ಕೆಳಗಿಟ್ಟರು. "ಮದ್ಲಿಂದು ನಾ ಕದ್ದಿಲ್ರಿ ಮಾಸ್ತರ. ಮ್ಯಾಲಿನ ಪತ್ರದಾಗಿನ ನನ್ನ ಶಿಕ್ಕಾ ನೋಡಿ ಪೇಪರಿನವ್ರೇ ನನ್ನ ಹೆಸರು ಹಾಕಿದ್ರು. ತಿದ್ದಬೇಕಂತ ಪತ್ರಾನೂ ಬರದೆ... ಕಳಸಲಿಲ್ಲ. ಮಂದಿ ಕೈ ಕುಲುಕಾಕತ್ತಿದ್ರು. ಆಮ್ಯಾಲಿಂದೆಲ್ಲಾ ನಂದೇ ತಪ್ಪು" ಎಂದರು.

ನಾನು ಇದಕ್ಕೆ ಸಿದ್ಧನಿರಲಿಲ್ಲ. ಅವರು ಬಯ್ಯುತ್ತಾರೆ, ಬೇಡಿಕೊಳ್ಳುತ್ತಾರೆ, ಎರಡಕ್ಕೂ ಉತ್ತರ ಇಟ್ಟುಕೊಂಡಿದ್ದೆ. ಅವರು ತೊಡೆಯ ಮೇಲಿನ ಶಾಲನ್ನು ಬಿಚ್ಚಿ ಮತ್ತೆ ಮಡಚಿದರು. ಡ್ರೈವರ್ ಬಾನೆಟ್ ಮುಚ್ಚಿದ ಸದ್ದಾಯಿತು. ಆಗ ಕೇಳಿದರು:

"ಅಂದ್ರ... ನಾ ಮಲಕೊಂಡಿದ್ದು?"

ನಾನು ಎದ್ದು ಎರಡೂ ಚಹಾದ ದುಡ್ಡು ಕೊಡಲು ಹೋದೆ.

ಚೌಡಾಪುರದಿಂದ ಅಫಜಲಪುರದವರೆಗೆ ಅವರು ಕಿಟಕಿಯ ಕಡೆ ಮುಖ ಮಾಡಿ ನೆಟ್ಟಗೆ ಕೂತಿದ್ದರು. ನನ್ನ ಹೆಗಲು ಖಾಲಿ ಇತ್ತು.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಚಾಚಾ ಗಂಟೆ ಹೊಡೆದು ಬಂದು, "ಸಾಬ್‌ರು ಗಡಿಗಿ ತೊಳಿಸಿ ಬೋರಲ ಹಾಕಿಸ್ಯಾರ್ರಿ. ಮನಿಯವ್ರು ಯಾಕ್ರಿ ಅಂದ್ರ ಸುಮ್ನ ಅದಾರ. ಏನಾಯ್ತ್ರಿ ಆಳಂದದಾಗ?" ಎಂದ. ಏನಿಲ್ಲ ಎಂದೆ.

ಒಂದು ವಾರ ತಡೆದು ನಾನೇ ಅವರ ಕೋಣೆಗೆ ಹೋದೆ. ಹೊಸ ಸಂಶೋಧನೆಯ ಪ್ರಕಾರ ಅಂಬಲಿಯಲ್ಲಿ ಏನೋ ಇದ್ದರೂ ಇರಬಹುದಂತೆ ಸರ್, ನಾನು ಅವತ್ತು ಸಿಟ್ಟಿಗೆ ಹಾಗೆ ಹೇಳಿದೆ, ಎಂದು ತೊದಲಿದೆ. 'ನನ್ನನ್ನು ಕ್ಷಮಿಸಿ' ಎನ್ನುವುದಕ್ಕಿಂತ ಇನ್ನೊಂದು ಸುಳ್ಳು ಹೇಳುವುದು ನನಗೆ ಸುಲಭ ಅನಿಸಿತ್ತು. ಕೆಂಪು ಕಣ್ಣು ಎತ್ತಿ ನೋಡಿದರು. "ಕೂಡ್ರಿ ಮಾಸ್ತರ, ಚಾ ಕುಡೀರಿ" ಎಂದರು. ಆಮೇಲೆ, "ಖೊಟ್ಟಿ ಮ್ಯಾಲ ಖೊಟ್ಟಿ ಬ್ಯಾಡ. ನೀವು ಅಂಬ್ಲಿ ಛಂದ ಮಾಡಿದ್ರಿ. ನಂಗ ಏಳು ತಿಂಗಳು ಆಯ್ತದು" ಎಂದು ನಕ್ಕರು. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಮರುವರ್ಷ ನನಗೆ ಜೇವರ್ಗಿಗೆ ವರ್ಗವಾಯಿತು, ಬೇಡಿ ತೆಗೆದುಕೊಂಡದ್ದು. ತೊಂಬತ್ತರ ದಶಕದಲ್ಲಿ ಒಮ್ಮೆ ಭೀಮಾ ಸೇತುವೆಯ ಹತ್ತಿರ ಚಾಚಾ ಸಿಕ್ಕ, ಮೊಮ್ಮಗಳ ಮದುವೆಯ ಕಾಗದ ಹಂಚುತ್ತಿದ್ದ. "ಸಾಬ್‌ರು ಗುಜರ್ ಗಯೇರಿ, ಹೋದ ಬ್ಯಾಸಗ್ಯಾಗ" ಎಂದ. ತೀರಿಕೊಳ್ಳುವವರೆಗೂ ನಸುಕಿಗೆ ಎದ್ದು ನಡೆಯುತ್ತಿದ್ದರಂತೆ. ಆ ಶಾಲನ್ನು ಅವರು ಒಂದು ದಿನವೂ ಹೊದೆಯಲಿಲ್ಲವಂತೆ. ಅಷ್ಟು ಹೇಳಿ ಚಾಚಾ ನನ್ನ ಮುಖವನ್ನೇ ನೋಡಿದ. ಅವನಿಗೆ ಎಲ್ಲ ಗೊತ್ತಿತ್ತೆಂದು ನನ್ನ ಅನುಮಾನ. ಅವತ್ತು ಮಾತ್ರ ನನ್ನ ಮಾರಿಯ ಬಗ್ಗೆ ಏನೂ ಅನ್ನಲಿಲ್ಲ.

ಆ ಪೆಪ್ಟೈಡ್ ಇಂದಿಗೂ ಪ್ರಯೋಗಶಾಲೆಗಳಲ್ಲೇ ಸುತ್ತುತ್ತಿದೆ. ಮೊನ್ನೆ ಸೋದರಳಿಯ ಮೊಬೈಲಿನಲ್ಲಿ ತೋರಿಸಿದ: ಕಿರುಬೆರಳಿನಷ್ಟು ಸೀಸೆ, ತಳದಲ್ಲಿ ಚಿಟಿಕೆ ಬಿಳಿ ಪುಡಿ, ಸಂಶೋಧನೆಗೆ ಮಾತ್ರ ಎಂಬ ಚೀಟಿ. ಕೆಲವರಿಗೆ ನಿದ್ದೆ ತಂದಿತು, ಕೆಲವರಿಗೆ ತರಲಿಲ್ಲ. ಅದರ ಕೆಲಸ ನಿದ್ದೆಗಿಂತ ಹೆಚ್ಚಾಗಿ ಮನಸ್ಸಿನ ಒತ್ತಡದ ಜೊತೆ ಇದ್ದೀತು ಎನ್ನುವವರೂ ಇದ್ದಾರೆ. ನಮ್ಮ ಮೈಯಲ್ಲಿ ಅದನ್ನು ಎರೆಯುವ ಅಚ್ಚು, ಅಂದರೆ ಅದರ ಜೀನ್, ಎಲ್ಲಿದೆ ಎಂಬುದು ಇನ್ನೂ ಸಿಕ್ಕಿಲ್ಲವಂತೆ. ಅಷ್ಟು ದೊಡ್ಡ ದೊಡ್ಡವರಿಗೆ ಸಿಗದ್ದು ಅಫಜಲಪುರದ ಒಂದು ಗಡಿಗೆಯಲ್ಲಿ ಏಳು ತಿಂಗಳು ಹೇಗೆ ಸಿಕ್ಕಿತ್ತೆಂದು ಕೇಳಲು ಈಗ ಅವರೂ ಇಲ್ಲ.

ಅವ್ವನ ಒಂಬತ್ತು ಗುಂಡುಗಳು ನನ್ನ ಹತ್ತಿರವೇ ಇವೆ. ಆ ಭಾಷಣದ ಒಂದು ವಾಕ್ಯವನ್ನು ನಾನು ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಅಂದಾಜೂ ಇಲ್ಲ. ಆದರೆ ಮೊನ್ನೆ ಸಂಜೆ ಹೆಂಡತಿ ಕೊಟ್ಟ ಬಟ್ಟಲನ್ನು ಗುಟುಕು ಬಿಡದೆ ಕುಡಿದೆ. ಓಣಿಗೆ ಓಣಿಯೇ ಅದನ್ನು ಕುಡಿದು ಮಲಗುತ್ತದೆ. ಕೆಲಸ ಮಾಡದಿರುವುದು ನನ್ನೊಬ್ಬನ ಮೇಲೆ, ಅದು ಸುಳ್ಳೆಂದು ನನಗೆ ಗೊತ್ತಲ್ಲ. ಎಂದಿನಂತೆ ನಸುಕಿನಲ್ಲಿ ಎದ್ದೆ. ಹೊರಗೆ ಎಲ್ಲಿಗೋ ಹೋಗುವ ಮೊದಲ ಬಸ್ಸಿನ ಹಾರ್ನ್ ಕೇಳಿಸಿತು.

ಯಾರೂ ಸಾಯಲಿಲ್ಲ, ಯಾವ ಲಾರಿಯೂ ಹೊಲಕ್ಕೆ ಇಳಿಯಲಿಲ್ಲ, ಕೂಸುಗಳೆಲ್ಲ ಬೆಳಿಗ್ಗೆ ಎದ್ದವು. ಕೆಟ್ಟದ್ದು ಇಷ್ಟೇ. ಆಳಂದದಿಂದ ಬಂದ ಮೂರನೆಯ ದಿನ ನಾನು ಕಿಟಕಿ ತೆರೆದಾಗ ಹೆಡ್‌ಮಾಸ್ತರು ಮಫ್ಲರ್ ಸುತ್ತಿಕೊಂಡು ಮತ್ತೆ ಆ ಕಲ್ಲಿನ ಬೆಂಚಿನ ಮೇಲೆ ಕೂತಿದ್ದರು. ಬಸ್ಸು ಬಂತು. ಅವರು ಎದ್ದು ನಿಂತು, ಫಸ್ಟ್ ಬಸ್ಸಿಗೆ ಬರಬಹುದೆಂದು ನಾನು ಒಮ್ಮೆ ಅಂದದ್ದನ್ನು ನಂಬಿದವರಂತೆ, ಇಳಿಯುವವರನ್ನು ಒಬ್ಬೊಬ್ಬರನ್ನೇ ನೋಡಿದರು. ಆಮೇಲೆ ಮತ್ತೆ ಕೂತರು.